ಐಇಎಲ್‌ಟಿಎಸ್ ತಯಾರಿ: ಒಂದು ಪ್ಯಾರಾಕ್ಕೆ ಒಂದೇ ವಿಚಾರ

ಇಂಗ್ಲಿಷ್ ಸಾಮರ್ಥ್ಯ ಅಳೆಯುವ ಐಇಎಲ್‌ಟಿಎಸ್ ಪರೀಕ್ಷೆಗೆ ತಯಾರಾಗುತ್ತಿದ್ದೇನೆ. ಈ ವಾರ ಪೂರ್ತಿ ರೈಟಿಂಗ್ ಟಾಸ್ಕ್ 2ಕ್ಕೇ, ಅಂದರೆ ಬರವಣಿಗೆಯ ಎರಡನೇ ಪ್ರಶ್ನೆಯಾದ ಪ್ರಬಂಧಕ್ಕೇ ಕೊಟ್ಟೆ. 40 ನಿಮಿಷ, ಕನಿಷ್ಠ 250 ಪದ. ಟಾಸ್ಕ್ 1ಕ್ಕಿಂತ ಇದಕ್ಕೆ ಎರಡು ಪಟ್ಟು ತೂಕ, ಹಾಗಾಗಿ ಸಮಯ ಇಲ್ಲೇ ಜಾಸ್ತಿ ಹೋದರೂ ಪರವಾಗಿಲ್ಲ.

ನಗರಗಳಲ್ಲಿ ಬಸ್ ಪ್ರಯಾಣ ಉಚಿತವಾಗಬೇಕೇ ಎಂಬ ಪ್ರಶ್ನೆ ತೆಗೆದುಕೊಂಡು, ಒಂದೇ ಪ್ಯಾರಾವನ್ನು ಎರಡು ಥರ ಬರೆದು ನೋಡಿದೆ. ಮೊದಲನೆಯದರಲ್ಲಿ ಟ್ರಾಫಿಕ್, ಹೊಗೆ, ಬಡವರ ಖರ್ಚು ಎಂದು ಮೂರು ಕಾರಣ, ಒಂದೊಂದಕ್ಕೆ ಒಂದು ವಾಕ್ಯ. ಎರಡನೆಯದರಲ್ಲಿ ಖರ್ಚಿನ ವಿಚಾರ ಮಾತ್ರ. ಕಡಿಮೆ ಸಂಬಳದವರಿಗೆ ಬಸ್ ಚಾರ್ಜು ಭಾರವಾಗುತ್ತದೆ. ಅದಕ್ಕೇ ಮನೆ ಹತ್ತಿರ ಸಿಕ್ಕಿದ ಕೆಲಸಕ್ಕೆ ಒಪ್ಪಿಕೊಳ್ಳುತ್ತಾರೆ. ಚಾರ್ಜು ಇಲ್ಲದಿದ್ದರೆ ದೂರದ ಒಳ್ಳೆಯ ಕೆಲಸಕ್ಕೂ ಪ್ರಯತ್ನಿಸಬಹುದು. ಒಂದು ಮಾತಿನಿಂದ ಇನ್ನೊಂದು ಹುಟ್ಟುತ್ತದೆ, ಓದುವವರು ನಡುವೆ ಏನನ್ನೂ ಊಹಿಸಿಕೊಳ್ಳಬೇಕಿಲ್ಲ. ಮೋರ್‌ಓವರ್, ಫರ್ದರ್‌ಮೋರ್ ಎಂಬಂಥ ಜೋಡಿಸುವ ಪದ ಒಂದೂ ಬೇಕಾಗಲಿಲ್ಲ. ಇದು ನನಗೆ ತುಂಬಾ ಖುಷಿ ಕೊಟ್ಟಿತು.

ಅಂಕ ಕೊಡುವಾಗ ನಾಲ್ಕು ಅಂಶ ನೋಡುತ್ತಾರೆ, ನಾಲ್ಕಕ್ಕೂ ಸಮ ತೂಕ: ಪ್ರಶ್ನೆಗೆ ಸರಿಯಾಗಿ ಉತ್ತರಿಸಿದ್ದೇವೆಯೇ, ವಿಚಾರಗಳ ಜೋಡಣೆ, ಪದಬಳಕೆ, ವ್ಯಾಕರಣ. ಅಂದರೆ ಅರ್ಧ ಅಂಕ ಏನು ಹೇಳುತ್ತೇವೆ, ಹೇಗೆ ಜೋಡಿಸುತ್ತೇವೆ ಎಂಬುದಕ್ಕೇ ಅಲ್ವಾ? ಸುಮ್ನೆ ಕಷ್ಟದ ಪದಗಳ ಪಟ್ಟಿ ಬಾಯಿಪಾಠ ಮಾಡುವುದಕ್ಕಿಂತ ಇದಕ್ಕೆ ಹೆಚ್ಚು ಹೊತ್ತು ಕೊಡಬೇಕು ಎಂದು ನನಗೆ ಗಟ್ಟಿಯಾಗಿ ಅನ್ನಿಸುತ್ತಿದೆ. ನಮ್ಮ ಅಭಿಪ್ರಾಯ ಪರೀಕ್ಷಕರಿಗೆ ಒಪ್ಪಿಗೆಯಾಗಬೇಕಿಲ್ಲ. ನಿಲುವು ಯಾವುದೆಂದು ಅವರಿಗೆ ತಿಳಿಯಬೇಕು, ಅಷ್ಟೇ.

ಈಗ ಮೊದಲ ಐದು ನಿಮಿಷ ಪ್ರಬಂಧ ಬರೆಯುವುದೇ ಇಲ್ಲ. ನನ್ನ ನಿಲುವು ಏನು, ಯಾಕೆ ಎಂದು ಕನ್ನಡದಲ್ಲೇ ಒಂದು ಸಾಲು ಗೀಚಿಕೊಳ್ಳುತ್ತೇನೆ. ಆ ಸಾಲೇ ಗೊಂದಲವಾಗಿದ್ದರೆ ಇಂಗ್ಲಿಷಿನಲ್ಲಿ ಅದು ಸರಿಹೋಗುವುದಿಲ್ಲ.

ಸ್ಪೀಕಿಂಗ್‌ನ ಎರಡನೇ ಭಾಗಕ್ಕೂ ಇದೇ ದಾರಿ ಹಿಡಿದೆ. ಅಲ್ಲಿ ಕೊಟ್ಟ ವಿಷಯದ ಬಗ್ಗೆ ಯೋಚಿಸಲು ಒಂದು ನಿಮಿಷ, ಮಾತಾಡಲು ಹೆಚ್ಚೆಂದರೆ ಎರಡು ನಿಮಿಷ. ಚೀಟಿಯಲ್ಲಿ ಪೂರ್ತಿ ವಾಕ್ಯ ಬರೆಯದೆ ಕೆಲವೇ ಪದ ಬರೆದುಕೊಂಡು, ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿದೆ. ನಿಧಾನವಾಗಿ ಹೇಳಿದ್ದೇ ಹೆಚ್ಚು ಸ್ಪಷ್ಟವಾಗಿದೆ. ನಮ್ಮ ಉಚ್ಚಾರಣೆಯ ಧಾಟಿಗೆ ಅಂಕ ಕಳೆಯುವುದಿಲ್ಲ, ಆಡಿದ ಮಾತು ಅರ್ಥವಾಗಬೇಕು.

ಮುಂದಿನ ವಾರ ಸ್ಪೀಕಿಂಗ್ ಮೂರನೇ ಭಾಗ. ಅಲ್ಲಿ ಪ್ರಶ್ನೆಗಳು ಯಾಕೆ, ಹೇಗೆ ಎಂದು ಆಳಕ್ಕೆ ಹೋಗುತ್ತವೆ. ಮೊದಲ ವಾಕ್ಯದಲ್ಲೇ ನೇರ ಉತ್ತರ ಕೊಟ್ಟು, ಆಮೇಲೆ ಕಾರಣ ಬಿಡಿಸುವುದನ್ನು ಅಭ್ಯಾಸ ಮಾಡಬೇಕು.