ಅಲರ್ಜಿಗೆ ಅಕ್ಯುಪಂಕ್ಚರ್: ನನ್ನ ನಿಲುವು

ಬೆಳಗಾದರೆ ಸಾಲುಸಾಲು ಸೀನು, ಕಣ್ಣುರಿ, ಕಟ್ಟಿದ ಮೂಗು ಮನುಷ್ಯರನ್ನು ಎಷ್ಟು ಹೈರಾಣಾಗಿಸುತ್ತವೆ ಎಂಬುದನ್ನು ಬಲ್ಲ ನಾನು ಚೀನಾ ಮೂಲದ ಸೂಜಿ ಚಿಕಿತ್ಸೆಯಾದ ಅಕ್ಯುಪಂಕ್ಚರನ್ನು ತಳ್ಳಿಹಾಕಲಾರೆ. ಮೂಗಿನ ಹೊಳ್ಳೆಯ ಪಕ್ಕದಲ್ಲಿರುವ ‘ಯಿಂಗ್ ಶಿಯಾಂಗ್’ ಬಿಂದುವಿಗೆ ತೀರಾ ತೆಳುವಾದ ಸೂಜಿಯನ್ನು ಚುಚ್ಚಿ ಕೆಲಹೊತ್ತು ಬಿಡುತ್ತಾರೆ. 422 ಮಂದಿ ಪಾಲ್ಗೊಂಡು 2013ರಲ್ಲಿ ಪ್ರಕಟವಾದ ಜರ್ಮನಿಯ ಅಧ್ಯಯನದಲ್ಲಿ, ನಿಜವಾದ ಅಕ್ಯುಪಂಕ್ಚರ್ ಪಡೆದವರಿಗೆ ಹೋಲಿಕೆಗಾಗಿ ತೋರಿಕೆಯ (ನಕಲಿ) ಚಿಕಿತ್ಸೆ ಪಡೆದವರಿಗಿಂತ 8 ವಾರಗಳ ಬಳಿಕ ತುಸು ಹೆಚ್ಚು ಆರಾಮ ಕಂಡಿತಾದರೂ, 16ನೆಯ ವಾರದ ಹೊತ್ತಿಗೆ ಆ ವ್ಯತ್ಯಾಸ ಉಳಿದಿರಲಿಲ್ಲ.

ಅಕ್ಯುಪಂಕ್ಚರಿನ ಜೊತೆಗೆ ಕೆಲವರು ಕೊಡುವ ಚೀನೀ ಗಿಡಮೂಲಿಕೆಗಳ ವಿಷಯದಲ್ಲಿ ಮಾತ್ರ ನನಗೆ ಅಳುಕಿದೆ. ಮಾ ಹುವಾಂಗ್ ಎಂಬ ಮೂಲಿಕೆ ರಕ್ತದೊತ್ತಡವನ್ನು ಏರಿಸಬಲ್ಲದು. ಅರಿಸ್ಟೊಲೋಕಿಕ್ ಆಮ್ಲವಿರುವ ಮೂಲಿಕೆಗಳು ಮೂತ್ರಪಿಂಡವನ್ನೇ ಕೆಡಿಸಬಲ್ಲವು. ಆದ್ದರಿಂದ ಕಷಾಯ ಕುಡಿಯುವ ಮುನ್ನ ಅದರಲ್ಲಿರುವ ಮೂಲಿಕೆಗಳ ಪಟ್ಟಿಯನ್ನು ವೈದ್ಯರಿಗೆ ತೋರಿಸಬೇಕು. ಉಬ್ಬಸವಿರುವವರು, ಸೂಜಿ ಚಿಕಿತ್ಸೆಯಿಂದ ಎಷ್ಟೇ ಹಾಯೆನಿಸಿದರೂ, ಇನ್‌ಹೇಲರನ್ನು ತಾವಾಗಿಯೇ ನಿಲ್ಲಿಸಬಾರದು.