ಧರ್ಮದೇವತೆಗೂ ಶಾಪ ತಪ್ಪಲಿಲ್ಲ

ಶ್ರಾವಣ ಬಂದರೆ ಕಲಬುರಗಿಯಲ್ಲಿ ಅಲ್ಲಲ್ಲಿ ಪುರಾಣ ಹಚ್ಚುತ್ತಾರೆ. ನಮ್ಮ ಓಣಿಯ ಹನುಮಂತ ದೇವರ ಗುಡಿಯಲ್ಲಿ ಮಹಾಭಾರತ ನಡೆದಿತ್ತು. ಯಾದಗಿರಿಯಿಂದ ಅಕ್ಕ ಮಗನ ಜೊತೆ ಬಂದಿದ್ದಳು, ಊಟ ಮುಗಿಸಿ ಮೂವರೂ ಹೋಗಿ ಕೂತೆವು. ಹುಡುಗನಿಗೆ ಹುಟ್ಟಿನಿಂದಲೇ ಕಿವಿ ಕೇಳಿಸುವುದಿಲ್ಲ. ಮದುವೆ, ಮುಂಜಿ ಎಲ್ಲಿ ಹೋದರೂ ಯಾರಾದರೂ ಒಬ್ಬರು ಅವನ ತಲೆ ಸವರಿ, 'ಹಿಂದಿನ ಜಲ್ಮದಾಗ ಏನ್ ಪಾಪ ಮಾಡಿತ್ತೋ ಕೂಸು' ಅನ್ನುತ್ತಾರೆ. ಅಕ್ಕ ಸುಮ್ನೆ ಕೇಳಿಸಿಕೊಳ್ಳುತ್ತಾಳೆ.

ಅವತ್ತು ಶಾಸ್ತ್ರಿಗಳು ಹೇಳಿದ್ದು ಆದಿಪರ್ವದ ಮಾಂಡವ್ಯನ ಕಥೆ. ಋಷಿ ಮೌನವ್ರತದಲ್ಲಿ ಕೈ ಎತ್ತಿ ನಿಂತಿದ್ದಾನೆ. ಕಳ್ಳರು ಓಡಿ ಬಂದು ಕದ್ದ ಮಾಲಿನ ಸಮೇತ ಅವನ ಆಶ್ರಮದಲ್ಲೇ ಅಡಗುತ್ತಾರೆ. ರಾಜನ ಭಟರು ಕೇಳಿದರೆ ಋಷಿ ಬಾಯಿ ಬಿಡುವುದಿಲ್ಲ. ಮಾಲು ಅಲ್ಲೇ ಸಿಕ್ಕಿತು, ಕಳ್ಳರ ಜೊತೆ ಅವನನ್ನೂ ಶೂಲಕ್ಕೆ ಏರಿಸಿದರು. ಆದರೆ ಪ್ರಾಣ ಹೋಗಲಿಲ್ಲ. ಕೊನೆಗೆ ರಾಜನೇ ಬಂದು ಕಾಲು ಹಿಡಿದ. ಶೂಲ ಎಳೆದರೂ ಬರಲಿಲ್ಲ, ಬುಡ ಕತ್ತರಿಸಿದರು, ಮುರಿದ ತುಂಡು ಮೈಯೊಳಗೇ ಉಳಿಯಿತು. ಅದನ್ನು ಹೊತ್ತುಕೊಂಡೇ ಮಾಂಡವ್ಯ ಧರ್ಮದೇವತೆಯ ಹತ್ತಿರ ಹೋಗಿ, ನಾನು ಮಾಡಿದ ಪಾಪ ಯಾವುದು ಎಂದು ಕೇಳಿದ. ಚಿಕ್ಕವನಿದ್ದಾಗ ಹುಳುಗಳ ಬಾಲಕ್ಕೆ ಹುಲ್ಲುಕಡ್ಡಿ ಚುಚ್ಚಿದ್ದೆ, ಅದರ ಫಲ ಇದು ಎಂದು ಉತ್ತರ ಬಂತು.

ಇಷ್ಟು ಸಣ್ಣ ತಪ್ಪಿಗೆ ಇಷ್ಟು ದೊಡ್ಡ ಶಿಕ್ಷೆಯೇ ಎಂದು ಮಾಂಡವ್ಯ ಧರ್ಮನಿಗೇ ಶಾಪ ಕೊಟ್ಟ. 14 ವರ್ಷದವರೆಗೆ ಮಕ್ಕಳು ಮಾಡಿದ್ದು ಪಾಪವಲ್ಲ ಎಂಬ ಗಡಿಯನ್ನೂ ಹಾಕಿದ.

ಅಕ್ಕ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಮಂಗಳಾರತಿ ಆದ ಮೇಲೆ ನೇರ ಹೋಗಿ ಕೇಳಿಯೇ ಬಿಟ್ಟಳು. 'ಅಜ್ಜಾರ, ಹಂಗಾದ್ರ ನನ್ನ ಮಗನ ಪಾಪ ಯಾವುದ್ರೀ?' ಶಾಸ್ತ್ರಿಗಳು ಹುಡುಗನನ್ನು ನೋಡಿದರು. 'ಪಾಪ ಅಂತ ನಿನಗ ಯಾರು ಹೇಳಿದ್ರವ್ವ?' ಎಂದರು, ಅಷ್ಟೇ.

ಮನೆಗೆ ಬಂದ ಮೇಲೂ ನನಗೆ ನಿದ್ದೆ ಹತ್ತಲಿಲ್ಲ. ಮಾಂಡವ್ಯನಿಗೆ ಕೇಳುವ ಜಾಗ ಒಂದಿತ್ತು, ಉತ್ತರ ಕೊಡುವವನೂ ಇದ್ದ, ಕೊನೆಗೆ ತೀರ್ಪು ಕೊಟ್ಟವನೇ ತಪ್ಪಿತಸ್ಥನಾದ. ನಾವು ಮಾತ್ರ ಮಾತು ಬಾರದ ಕೂಸಿನ ಮೇಲೆ ಯಾವುದು ಎಂದು ಹೇಳದೆಯೇ ಪಾಪ ಹೊರಿಸುತ್ತೇವೆ, ಹಿಂದಿನ ಜನ್ಮ ಅಂದುಬಿಟ್ಟರೆ ಯಾರೂ ಸಾಕ್ಷಿ ಕೇಳುವುದಿಲ್ಲ ಅಲ್ವಾ. ಇವತ್ತಿನ ಕಾನೂನಿನಲ್ಲೂ 7 ವರ್ಷದೊಳಗಿನ ಮಗು ಮಾಡಿದ್ದು ಅಪರಾಧವಲ್ಲ. ಕೋರ್ಟಿಗೆ ಇರುವಷ್ಟು ಕರುಣೆ ದೇವರಿಗೆ ಇಲ್ಲ ಅಂತ ನಂಬುವುದು ನನ್ನಿಂದ ಆಗುವುದಿಲ್ಲ. ಇನ್ನೊಂದು ವಿಷಯ, ರಾಜನನ್ನು ಮಾಂಡವ್ಯ ಕ್ಷಮಿಸಿದ. ರಾಜ ತಿಳಿಯದೆ ಮಾಡಿದ್ದ. ಧರ್ಮ ಎಲ್ಲ ತಿಳಿದೂ ಮಾಡಿದ, ಅವನಿಗೆ ಕ್ಷಮೆ ಸಿಗಲಿಲ್ಲ. ಈ ಕಥೆಯಲ್ಲಿ ನನಗೆ ಜಾಸ್ತಿ ಇಷ್ಟವಾದದ್ದೇ ಇದು.

ಆದರೆ ಆ ಶಾಪ ನನ್ನ ಗಂಟಲಲ್ಲಿ ಇಳಿಯುತ್ತಿಲ್ಲ. ಶೂದ್ರ ಹೆಂಗಸಿನ ಹೊಟ್ಟೆಯಲ್ಲಿ ಹುಟ್ಟು ಅಂತ ಶಾಪ. ಹಾಗೆ ದಾಸಿಯ ಮಗನಾಗಿ ಹುಟ್ಟಿದವನೇ ವಿದುರ. ತುಂಬಿದ ಸಭೆಯಲ್ಲಿ ದ್ರೌಪದಿಯ ಪರ ಬಾಯಿ ತೆರೆದ ಕೆಲವೇ ಜನರಲ್ಲಿ ಅವನೂ ಒಬ್ಬ. ಅಂಥವನ ತಾಯಿಯ ಹೊಟ್ಟೆ ಶಿಕ್ಷೆಯ ಜಾಗ ಹೇಗಾಗುತ್ತದೆ? ಇಲ್ಲೇ ಪಕ್ಕದ ಕಲ್ಯಾಣದಲ್ಲಿ ಬಸವಣ್ಣನ ಕಾಲಕ್ಕೆ ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾಯಿತು ಎಂದು ಇಬ್ಬರು ತಂದೆಯರಿಗೂ ಎಳೆಹೂಟೆ, ಅಂದರೆ ಆನೆಯ ಕಾಲಿಗೆ ಕಟ್ಟಿ ಎಳೆಸುವ ಶಿಕ್ಷೆ ಕೊಟ್ಟ ಕಥೆ ಕೇಳಿ ಬೆಳೆದವರು ನಾವು. ಮಕ್ಕಳ ಪರ ನಿಂತ ಮಾಂಡವ್ಯನ ಜೊತೆ ನಾನೂ ನಿಲ್ಲುತ್ತೇನೆ, ಆದರೆ ಆ ತಾಯಿಯ ವಿಷಯದಲ್ಲಿ ಅವನೂ ಅನ್ಯಾಯವನ್ನೇ ಮಾಡಿದ.