ಪಂಪ್‌ಮನೆ ಡಬ್ಬದ ಕಥೆ, ನಾಲ್ಕನೇ ಕಂತು: ಕೋಡ್ 9

ಗದ್ದೆಯ ಪಂಪ್ ಮೋಟಾರನ್ನು ದೂರದಿಂದಲೇ ಆನ್, ಆಫ್ ಮಾಡಲು ನಾನು ಕಟ್ಟಿದ ಡಬ್ಬ ಒಂದು ದಿನ ಏಳಲೇ ಇಲ್ಲ. ಆರು ದಿನ ತಿಂದುಹಾಕಿದ ಆ ತೊಂದರೆ ಕೊನೆಗೂ ಸಿಕ್ಕಿತು. ಸಿಕ್ಕ ಮೇಲೆ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಸುಮ್ನೆ ಎದ್ದು ಹೋಗಿ ಕಾಫಿ ಮಾಡ್ಕೊಂಡೆ.

ರಿಲೇ, ಕಾಂಟ್ಯಾಕ್ಟರ್, ತ್ರೀಫೇಸ್ ಬಂತಾ ಅಂತ ನೋಡುವ ಸರ್ಕ್ಯೂಟ್, ಮೋಟಾರ್ ಓಡಿಸುವ ಈ ಭಾಗಗಳ ಮಾತು ಇಲ್ಲಿ ಬೇಡ, ಬಿಡಿ. ಮಂಡ್ಯದ ಹತ್ತಿರ ನಮ್ಮ ಕಬ್ಬಿನ ಗದ್ದೆಯ ಪಂಪ್‌ಮನೆಯಲ್ಲಿ ಒಂದು ರಾಸ್ಪ್‌ಬೆರಿ ಪೈ ಜೀರೋ (ಅಂಗೈಗಿಂತ ಚಿಕ್ಕ ಕಂಪ್ಯೂಟರ್), ನೆಟ್‌ಗೆ ಒಂದು ಸಿಮ್ ಡಾಂಗಲ್. ನಾನಿರುವುದು ಮೈಸೂರಲ್ಲಿ. ನಡುವೆ ಬಾಡಿಗೆಯ ಪುಟ್ಟ ಸರ್ವರ್, ಸಂದೇಶ ಸಾಗಿಸಲು ಎಂಕ್ಯೂಟಿಟಿ, ಪೋರ್ಟ್ 8883, ಮೇಲೆ ಟಿಎಲ್‌ಎಸ್, ಅಂದರೆ ಮಾತನ್ನು ಗುಟ್ಟಾಗಿಡುವ, ಎದುರಿಗಿರುವ ಸರ್ವರ್ ಅಸಲಿಯೇ ಅಂತ ಅದರ ಸರ್ಟಿಫಿಕೇಟ್ ನೋಡಿ ಖಾತ್ರಿ ಮಾಡುವ ಪದರ. ಪ್ರೋಗ್ರಾಂ ಪೈಥಾನ್‌ನಲ್ಲಿ. ಐದು ತಿಂಗಳು ತಕರಾರಿಲ್ಲದೆ ನಡೆದಿತ್ತು.

ಆಮೇಲೆ ನಮ್ಮ ಟಿಸಿ (ಟ್ರಾನ್ಸ್‌ಫಾರ್ಮರ್) ಸುಟ್ಟಿತು. ಬೇರೆ ಟಿಸಿ ಬರುವ ಹೊತ್ತಿಗೆ ಹನ್ನೊಂದು ದಿನ. ಕರೆಂಟ್ ಬಂದ ಸಂಜೆ ದೊಡ್ಡಪ್ಪ ಫೋನ್ ಮಾಡಿದರು. 'ಏನ್ಲಾ, ಕರೆಂಟು ಬಂದೈತೆ, ನಿನ್ ಡಬ್ಬ ಮಾತ್ರ ಎದ್ದೇ ಇಲ್ಲ. ನಾನೇ ಸ್ಟಾರ್ಟರ್ ಒತ್ತಿವ್ನಿ.'

ಸರ್ವರ್ ಕಡೆ ನೋಡಿದೆ. ಡಬ್ಬ ಒಮ್ಮೆ ಬಂದು ಬಾಗಿಲು ತಟ್ಟಿದೆ, ಹ್ಯಾಂಡ್‌ಶೇಕ್ (ಮೊದಲ ಗುರುತು ಪರಿಚಯ) ಅರ್ಧದಲ್ಲೇ ಬಿಟ್ಟು ಹೋಗಿದೆ, ಮತ್ತೆ ಬಂದಿಲ್ಲ. ಬ್ರೌಸರ್‌ನಲ್ಲಿ ಸರ್ಟಿಫಿಕೇಟ್ ತೆಗೆದು ನೋಡಿದರೆ ಸರಿಯಿದೆ. ಲ್ಯಾಪ್‌ಟಾಪಿನಿಂದ ಓಪನ್‌ಎಸ್‌ಎಸ್‌ಎಲ್ ಎಸ್-ಕ್ಲೈಂಟ್ ಅನ್ನುವ ಪರೀಕ್ಷೆಯ ಕಮಾಂಡ್ ಓಡಿಸಿದರೆ ವೆರಿಫೈ ಕೋಡ್ 0, ಅಂದರೆ ಎಲ್ಲ ಚೆನ್ನಾಗಿದೆ. ಡಬ್ಬದಲ್ಲಿರುವ ರೂಟ್ ಸರ್ಟಿಫಿಕೇಟೇ, ಅಂದರೆ ಉಳಿದವನ್ನು ನಂಬಲು ಆಧಾರವಾದ ಮೂಲ ಸರ್ಟಿಫಿಕೇಟೇ, ಹಳತಾಯಿತೇನೋ ಅಂತ ಅನುಮಾನ ಬಂತು. 2021ರ ಸೆಪ್ಟೆಂಬರ್ 30 ನೆನಪಿದೆ ಅಲ್ವಾ? ಸರ್ಟಿಫಿಕೇಟ್ ಪುಕ್ಕಟೆ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ನೆಚ್ಚಿಕೊಂಡಿದ್ದ ಹಳೆಯ ರೂಟ್ ಅವಧಿ ಮುಗಿದು ಎಷ್ಟೋ ಹಳೆಯ ಡಬ್ಬಗಳು ಮಲಗಿದ ದಿನ. ಆದರೆ ನನ್ನದರಲ್ಲಿ ಐಎಸ್‌ಆರ್‌ಜಿ ರೂಟ್ ಎಕ್ಸ್1 ಇದೆ. ಅದು 2035ರವರೆಗೆ ಗಟ್ಟಿ. ಈ ದಾರಿ ಹಿಡಿದೇ ಎರಡು ರಾತ್ರಿ ಹಾಳು.

ಸಿಮ್ ಹಿಂದೆ ಕೂತ ಪೈಗೆ ಮೈಸೂರಿಂದ ಎಸ್‌ಎಸ್‌ಎಚ್ ಮಾಡಿ ಒಳಹೊಕ್ಕು ನೋಡಲು ಆಗಲ್ಲ. ಭಾನುವಾರ ಬೈಕ್ ಹತ್ತಿದೆ. ಹೋದವನೇ ಬುದ್ಧಿವಂತನ ಹಾಗೆ ಮೊದಲು ರೀಬೂಟ್ ಮಾಡಿದೆ. ತಕ್ಷಣ ಕನೆಕ್ಟ್ ಆಯಿತು! ಡಾಕ್ಟರ ಮುಂದೆ ಕೂತ ಕೂಡಲೇ ಕೆಮ್ಮು ನಿಂತ ಹಾಗೆ. ದೊಡ್ಡಪ್ಪ ಪಕ್ಕದಲ್ಲೇ ನಿಂತು, 'ಇಷ್ಟಕ್ಕೆ ಅಷ್ಟ್ ದೂರದಿಂದ ಬಂದ್ಯಾ?' ಅಂದರು.

ಡಬ್ಬ ತನ್ನ ದಿನಚರಿ ಬರೆದಿಡುವ ಲಾಗ್ ತೆಗೆದೆ. ನಾನೇ ಬರೆದ ಸಾಲು: 'ಎಸ್‌ಎಸ್‌ಎಲ್ ದೋಷ, ನಿಲ್ಲಿಸಿದೆ' (ಎಸ್‌ಎಸ್‌ಎಲ್ ಅಂದರೆ ಟಿಎಲ್‌ಎಸ್‌ನ ಹಳೆಯ ಹೆಸರು). ಅಷ್ಟೇ. ಯಾವ ದೋಷ, ಏನು ಕೋಡ್, ಒಂದೂ ಇಲ್ಲ. ಈ ಸಾಲು ಬರೆದವನು ಕೈಗೆ ಸಿಕ್ಕಿದರೆ ಬೆನ್ನಿಗೆ ನಾಲ್ಕು ಬಿಡಬೇಕು ಅನ್ನಿಸಿತು. ಆಮೇಲೆ ಕಣ್ಣು ಬಿದ್ದದ್ದು ಸಾಲಿನ ಎಡಗಡೆಗೆ. ದೋಷದ ಸಾಲಿನ ಮುಂದೆ 3ನೇ ತಾರೀಖು. ಅದರ ಕೆಳಗಿನ ಸಾಲಿನ ಮುಂದೆ 14ನೇ ತಾರೀಖು. ಟಿಸಿ ಸುಟ್ಟದ್ದು 3ಕ್ಕೆ, ಕರೆಂಟ್ ಬಂದದ್ದು 14ಕ್ಕೆ. ತಲೆ ಎತ್ತಿದರೆ ಎದುರಿಗೆ ಪಂಪ್‌ಮನೆಯ ಕ್ಯಾಲೆಂಡರ್, ಯಾರೂ ಹಾಳೆ ಹರಿಯದೆ ಹಿಂದಿನ ತಿಂಗಳಲ್ಲೇ ನೇತಾಡುತ್ತಿತ್ತು.

ಪೈ ಜೀರೋಗೆ ಬ್ಯಾಟರಿ ಇರುವ ಗಡಿಯಾರ ಇಲ್ಲ. ಸಮಯವನ್ನು ಆಗಾಗ ಫೈಲಿಗೆ ಬರೆದಿಟ್ಟುಕೊಂಡು, ಕರೆಂಟ್ ಬಂದಾಗ ಅಲ್ಲಿಂದಲೇ ಎಣಿಕೆ ಶುರು ಮಾಡುತ್ತದೆ. ಅರ್ಧ ಗಂಟೆ ಕರೆಂಟ್ ಹೋದರೆ ಏನೂ ಗೊತ್ತಾಗಲ್ಲ. ಆದರೆ ಆ ಹನ್ನೊಂದು ದಿನದ ನಡುವೆ ಸರ್ವರ್‌ನಲ್ಲಿ ಸರ್ಟಿಫಿಕೇಟ್ ನವೀಕರಿಸುವ ಸರ್ಟ್‌ಬಾಟ್ ತನ್ನ ಪಾಡಿಗೆ ಹೊಸ ಸರ್ಟಿಫಿಕೇಟ್ ತಂದಿತ್ತು. ಇವು 90 ದಿನದ್ದು, 30 ದಿನ ಉಳಿದಿರುವಾಗಲೇ ಹೊಸದು ಬರುತ್ತದೆ. ಡಬ್ಬಕ್ಕೆ ಇವತ್ತು 3ನೇ ತಾರೀಖು. ಎದುರಿಗೆ 8ನೇ ತಾರೀಖಿನಿಂದ ಜಾರಿಯಾಗುವ ಸರ್ಟಿಫಿಕೇಟ್. ಪೈಥಾನ್ ಕೊಟ್ಟಿರಬೇಕಾದ ಕೋಡ್ 9: ಸರ್ಟಿಫಿಕೇಟ್ ಇನ್ನೂ ಜಾರಿಗೆ ಬಂದಿಲ್ಲ. ಗಡಿಯಾರ ಸ್ವಲ್ಪ ಹಿಂದಿರುವವರಿಗೆ ಅಂತ ಲೆಟ್ಸ್ ಎನ್‌ಕ್ರಿಪ್ಟ್‌ನವರು ಒಂದು ಗಂಟೆ ಹಿಂದಿನ ಸಮಯ ಹಾಕಿಯೇ ಕೊಡುತ್ತಾರೆ. ಐದು ದಿನ ಹಿಂದಿರುವವನಿಗೆ ಪಾಪ ಅವರೇನು ಮಾಡ್ತಾರೆ?

ನೆಟ್‌ನಿಂದ ಸಮಯ ತರುವ ಎನ್‌ಟಿಪಿ ಅದನ್ನು ಸರಿ ಮಾಡಬೇಕಿತ್ತಲ್ಲ ಅಂತೀರಾ? ಮಾಡಿತು, ಆದರೆ ತಡವಾಗಿ. ಡಾಂಗಲ್ ನೆಟ್‌ವರ್ಕ್ ಹಿಡಿದ ತಕ್ಷಣ ನನ್ನ ಪ್ರೋಗ್ರಾಂ ಮೊದಲು ಓಡಿತು. ಅಲ್ಲಿ ನನ್ನದೇ ಒಂದು ನಿಯಮ ಕಾಯುತ್ತಿತ್ತು. ಕನೆಕ್ಷನ್ ರೀಸೆಟ್, ಟೈಮ್‌ಔಟ್, ಅರ್ಧದಲ್ಲಿ ಕಡಿದ ಸಂಪರ್ಕ, ಇವು ಬಂದರೆ 2, 4, 8 ಸೆಕೆಂಡ್ ಬಿಟ್ಟು ಮತ್ತೆ ತಟ್ಟು. ಸರ್ಟಿಫಿಕೇಟ್ ದೋಷ ಬಂದರೆ ಮಾತ್ರ ತೆಪ್ಪಗೆ ನಿಲ್ಲು, ಸರ್ವರ್‌ನ ವೇಷದಲ್ಲಿ ನಡುವೆ ಯಾರೋ ಕೂತಿರಬಹುದು. ನಿಲ್ಲುವಾಗ ಎಕ್ಸಿಟ್ 0, ಅಂದರೆ 'ಎಲ್ಲ ಸರಿ', ಬೇರೆ ಕೊಟ್ಟಿದ್ದೆ. ಫೇಲ್ ಆದರೆ ಮಾತ್ರ ಎಬ್ಬಿಸು ಅಂತ, ಪ್ರೋಗ್ರಾಂಗಳನ್ನು ಶುರುಮಾಡಿಸುವ ಸಿಸ್ಟಮ್‌ಡಿಗೆ ಹೇಳಿದ್ದೆ. ಅದು 'ಕೆಲಸ ಮುಗಿದಿದೆ' ಅಂದುಕೊಂಡು ಸುಮ್ಮನಾಯಿತು.

ವೆರಿಫಿಕೇಷನ್ನೇ ಆಫ್ ಮಾಡಿಬಿಡು ಮಾರಾಯ ಅಂತ ಒಬ್ಬ ಗೆಳೆಯ ಹೇಳಿದ. ಹವಾಮಾನ ಕಳಿಸುವ ಡಬ್ಬವಾಗಿದ್ದರೆ ಯೋಚಿಸುತ್ತಿದ್ದೆನೇನೋ. ಇದು ಮೋಟಾರ್ ಓಡಿಸುವ ತಂತಿ. ನೀರಿಲ್ಲದ ಬೋರ್‌ನಲ್ಲಿ ಯಾರೋ ರಾತ್ರಿಯಿಡೀ ಓಡಿಸಿದರೆ ಕಾಯಿಲ್ ಕಟ್ಟಿಸಲು ದುಡ್ಡು ಆ ಗೆಳೆಯ ಕೊಡ್ತಾನಾ?

ಈಗ ಹೀಗೆ ಮಾಡಿದ್ದೇನೆ. ಕೋಡ್ 9 ಅಥವಾ 10, ಅಂದರೆ 'ಇನ್ನೂ ಬಂದಿಲ್ಲ' ಅಥವಾ 'ಅವಧಿ ಮುಗಿದಿದೆ' ಬಂದರೆ ಮೊದಲು ನನ್ನ ಗಡಿಯಾರದ ಮೇಲೇ ಅನುಮಾನ. ಎನ್‌ಟಿಪಿ ಜೊತೆ ಸಮಯ ಹೊಂದಿದೆಯಾ ನೋಡು, ಇಲ್ಲದಿದ್ದರೆ ಕಾದು ಮತ್ತೆ ತಟ್ಟು. ಹೊಂದಿದ ಮೇಲೂ ಅದೇ ದೋಷ ಬಂದರೆ ನಿಲ್ಲು. ಕೋಡ್ 62, ಅಂದರೆ ಸರ್ಟಿಫಿಕೇಟಿನಲ್ಲಿರುವ ಹೆಸರೇ ಬೇರೆ. 20, ಅಂದರೆ ಕೊಟ್ಟವರು ಯಾರೋ ಗೊತ್ತಿಲ್ಲ. ಇವಕ್ಕೆ ಕಾಯುವ ಮಾತಿಲ್ಲ, ಕೆಂಪು ಎಲ್‌ಇಡಿ ಹಚ್ಚಿ ನಿಲ್ಲು. ಕೋಡ್, ಸಂದೇಶ ಎರಡೂ ಲಾಗ್‌ಗೆ ಹೋಗುತ್ತವೆ. ಸಿಸ್ಟಮ್‌ಡಿಯಲ್ಲೂ ಟೈಮ್-ಸಿಂಕ್ ಟಾರ್ಗೆಟ್ (ಸಮಯ ಹೊಂದಿದ ಹಂತ) ಆದಮೇಲೆ ಶುರುವಾಗು ಅಂತ ಬರೆದೆ. ಅದರ ಜೊತೆ, ಸಮಯ ಹೊಂದುವವರೆಗೆ ಕಾಯಿಸುವ ಟೈಮ್-ವೇಟ್-ಸಿಂಕ್ ಸರ್ವಿಸ್ ಆನ್ ಮಾಡಲು ಮರೆಯಬೇಡಿ. ನಾನು ಮರೆತು ಇನ್ನೊಂದು ಸಂಜೆ ಕಳೆದೆ.

ಎನ್‌ಟಿಪಿಯನ್ನೂ ನಂಬುವ ಹಾಗಿಲ್ಲ, ಅದು ಬರಿಮೈಯಲ್ಲಿ, ಅಂದರೆ ಅಸಲಿ ಅನ್ನುವ ಖಾತ್ರಿಯಿಲ್ಲದೆ ಬರುತ್ತದೆ. ಖಾತ್ರಿ ಇರುವ ಎನ್‌ಟಿಎಸ್ ಹಾಕೋಣ ಅಂದರೆ ಅದಕ್ಕೆ ಟಿಎಲ್‌ಎಸ್ ಬೇಕು, ಟಿಎಲ್‌ಎಸ್‌ಗೆ ಸರಿಯಾದ ಸಮಯ ಬೇಕು. ಹುಚ್ಚು ಬಿಡದೆ ಮದುವೆಯಾಗಲ್ಲ, ಮದುವೆಯಾಗದೆ ಹುಚ್ಚು ಬಿಡಲ್ಲ.

ಹಾಗಾಗಿ ಡಿಎಸ್3231 ಅನ್ನುವ, ಕರೆಂಟ್ ಹೋದರೂ ಬ್ಯಾಟರಿಯಲ್ಲಿ ಓಡುವ ಗಡಿಯಾರದ ಚಿಪ್. ವರ್ಷಕ್ಕೆ ಹೆಚ್ಚೆಂದರೆ ನಿಮಿಷದಷ್ಟು ತಪ್ಪುತ್ತದೆ, ನನಗೆ ಧಾರಾಳ ಸಾಕು. ಮೈಸೂರಿನ ಅಂಗಡಿಯಲ್ಲಿ ಕೇಳಿದರೆ 'ಬೆಂಗಳೂರಿಂದ ಬರಬೇಕು ಸಾರ್', ಈ ಮಾತು ನಾನು ಕಾಲೇಜಲ್ಲಿದ್ದಾಗಿಂದ ಬದಲಾಗಿಲ್ಲ. ಆನ್‌ಲೈನ್‌ನಲ್ಲಿ ತರಿಸಿದೆ, ಸೆಲ್ ಇಲ್ಲದೆ ಬಂತು. 2032 ಸೆಲ್ ಕೇಳಿದರೆ ಮತ್ತೊಬ್ಬ 2025 ಕೊಟ್ಟು 'ಎರಡೂ ಒಂದೇ ಸಾರ್' ಅಂದ. ಒಂದು 3.2 ಮಿಲಿಮೀಟರ್ ದಪ್ಪ, ಇನ್ನೊಂದು 2.5. ಹೋಲ್ಡರ್‌ನಲ್ಲಿ ಗಿಲಕಿಯ ಹಾಗೆ ಅಲ್ಲಾಡುತ್ತದೆ. ಇನ್ನೊಂದು ಮಾತು: ಈ ಅಗ್ಗದ ಮಾಡ್ಯೂಲ್‌ಗಳಲ್ಲಿ ಚಾರ್ಜ್ ಮಾಡುವ ಡಯೋಡ್ ಇರುತ್ತದೆ, ಚಾರ್ಜ್ ಆಗದ ಸೆಲ್ ಹಾಕುವುದಾದರೆ ಅದನ್ನು ಕಿತ್ತುಹಾಕಿ.

ಮುಂದಿನ ಕೆಲಸಕ್ಕೆ ಮನೆಯ ಮೇಜಿನ ಮೇಲೆ ಈಗಾಗಲೇ ಬಿಸಿ ಅಳೆಯುವ ಒಂದು ಥರ್ಮೋಕಪಲ್, ಅದನ್ನು ಓದುವ ಒಂದು ಮ್ಯಾಕ್ಸ್6675 ಚಿಪ್ ಕೂತಿವೆ. ಪಕ್ಕದೂರಿನ ಆಲೆಮನೆಯಲ್ಲಿ ಕೊಪ್ಪರಿಗೆಗೆ ಇಳಿಬಿಟ್ಟು, ಪಾಕದ ಹದವನ್ನು ಕಾಲು ಡಿಗ್ರಿ ಲೆಕ್ಕದಲ್ಲಿ ನೋಡುವ ಆಸೆ. ಆಲೆಮನೆಯ ಅಜ್ಜ ಪಾಕವನ್ನು ನೀರಿಗೆ ಬಿಟ್ಟು ಬೆರಳಲ್ಲಿ ಉಂಡೆ ಮಾಡಿ ಹದ ಹೇಳುತ್ತಾರೆ. ಅವರನ್ನು ಸೋಲಿಸುವ ಆಸೆ ಇಲ್ಲ, ಅವರ ಬೆರಳಿಗೆ ಎಷ್ಟು ಡಿಗ್ರಿ ಅಂತ ತಿಳಿದರೆ ಸಾಕು. ಈ ಸಲ ಟಿಎಲ್‌ಎಸ್ ಇಲ್ಲ, ಎಸ್‌ಡಿ ಕಾರ್ಡ್ ಅಷ್ಟೇ.

ಡಬ್ಬವನ್ನು ಮೊನ್ನೆ ಬೇಕಂತಲೇ ಪರೀಕ್ಷೆ ಮಾಡಿದೆ. ಗಡಿಯಾರ ಮೂರು ತಿಂಗಳು ಹಿಂದಿಟ್ಟು ಪ್ಲಗ್ ಕಿತ್ತು ಹಾಕಿದೆ. ಲಾಗ್ ಹೇಳಿತು: 'ಕೋಡ್ 9, ಗಡಿಯಾರ ಹೊಂದಿಲ್ಲ, ಕಾಯುತ್ತಿದ್ದೇನೆ'. 47 ಸೆಕೆಂಡ್ ಆದ ಮೇಲೆ ಕನೆಕ್ಟ್. ದೊಡ್ಡಪ್ಪನಿಗೆ ಫೋನ್‌ನಲ್ಲಿ ಇದನ್ನೆಲ್ಲ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು, 'ಮೋಟಾರ್ ಆಫ್ ಮಾಡಾಕೆ ತಾರೀಖು ಯಾಕ್ಲಾ ಬೇಕು?' ಅಂದರು.